ಮೊದಲು ಸುಮ್ನೆ ಬಿಡಿ: ದತ್ತು ತಂದ ನಾಯಿ ಮನೆಗೆ ಒಗ್ಗುವ ತನಕ

ಕೆಂಪಿ ನಮ್ಮ ಮನೆಗೆ ಬಂದ ದಿನ ರಾತ್ರಿ ನನಗೆ ಕಂಡಿದ್ದು ಅವಳ ಮುಂದಿನ ಎರಡು ಕಾಲು ಮಾತ್ರ.

ಹನುಮಂತನಗರದಲ್ಲಿ ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ಮುಂದಿನ ರೂಮಿನಲ್ಲಿ ನನ್ನ ಹೊಲಿಗೆ ಮೆಷಿನ್, ಅದರ ಪಕ್ಕ ಒಂದು ದಿವಾನ್. ಬೆಳಿಗ್ಗೆ 11 ಗಂಟೆಗೆ ಆ ದಿವಾನ್ ಕೆಳಗೆ ಸೇರಿಕೊಂಡವಳು ರಾತ್ರಿ 11 ಆದರೂ ಆಚೆ ಬರಲಿಲ್ಲ. ಅನ್ನ ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ. ಮಗಳು ನೆಲದ ಮೇಲೆ ಬೋರಲು ಮಲಗಿ ಕರೆದೂ ಕರೆದೂ ಸುಸ್ತಾಗಿ, ‘ಅಮ್ಮ, ಅವಳಿಗೆ ನಾವು ಇಷ್ಟ ಆಗಲಿಲ್ಲ’ ಅಂತ ಅತ್ತಳು. ನನಗೂ ಅಳು ಬಂದಿತ್ತು.

ನಾನು ಅದೇ ರೂಮಿನಲ್ಲಿ ಚಾಪೆ ಹಾಸಿ ಮಲಗಿದೆ. ರಾತ್ರಿ ಎರಡೂವರೆ ಇರಬಹುದು, ಲಪಲಪ ಅಂತ ಸದ್ದು ಕೇಳಿಸಿತು. ಕಣ್ಣು ಬಿಟ್ಟೆ, ತಲೆ ಎತ್ತಲಿಲ್ಲ. ಬೀದಿ ದೀಪದ ಬೆಳಕು ಕಿಟಕಿಯಿಂದ ಒಂದು ಪಟ್ಟಿಯಷ್ಟು ಬಿದ್ದಿತ್ತು. ಅದರಲ್ಲಿ ಅವಳ ಮುಂದಿನ ಎರಡು ಕಾಲು, ಸ್ಟೀಲ್ ಬೋಗುಣಿ. ಕುಡಿಯುವ ರಭಸಕ್ಕೆ ಬೋಗುಣಿ ನೆಲದ ಮೇಲೆ ಕಿರ್ ಅಂತ ಜರುಗಿತು. ತಕ್ಷಣ ಕುಡಿಯುವುದು ನಿಂತಿತು. ಕಾಲು ನಡುಗುತ್ತಿದ್ದವು. ನಾನು ಉಸಿರು ಬಿಗಿಹಿಡಿದು ಬಿದ್ದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಲಪಲಪ. ಬೋಗುಣಿ ಪೂರ್ತಿ ಖಾಲಿ ಮಾಡಿ, ಪಕ್ಕದ ತಟ್ಟೆಯ ಅನ್ನವನ್ನೂ ನಾಲ್ಕೇ ಬಾಯಿಗೆ ಮುಗಿಸಿ ವಾಪಸ್ ದಿವಾನ್ ಕೆಳಗೆ ಹೋದಳು.

ಅವತ್ತು ಹಗಲೆಲ್ಲ ನಾವು ಮುದ್ದು ಮಾಡಿ ಕರೆದಿದ್ದು ಯಾವುದೂ ಕೆಲಸಕ್ಕೆ ಬಂದಿರಲಿಲ್ಲ. ನಾವೆಲ್ಲ ಸುಮ್ಮನಾದ ಮೇಲೆ ಅವಳು ಬಂದಳು. ಇದಾಗಿ ಆರು ವರ್ಷವಾಯಿತು. ನನ್ನ ಹತ್ತಿರ ಬ್ಲೌಸ್ ಹೊಲಿಸಲು ಬರುವವರಲ್ಲಿ ನಾಲ್ಕೈದು ಜನ ಕೆಂಪಿಯನ್ನು ನೋಡಿ ತಾವೂ ನಾಯಿ ದತ್ತು ತಂದರು. ಅಳತೆ ತೆಗೆಯುತ್ತಾ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತರುವ ಮುಂಚೆ

ಮೊದಲು ಮನೆ ಮಾಲೀಕರಿಗೆ ಹೇಳಿ. ಗುಟ್ಟಾಗಿ ತಂದು ಆಮೇಲೆ ಒಪ್ಪಿಸೋಣ ಅಂದುಕೊಳ್ಳಬೇಡಿ. ಮಾಲೀಕರು ಬೇಡ ಅಂದರೆ ನಾಯಿ ಮತ್ತೆ ಆಶ್ರಯ ಕೇಂದ್ರದ ಬೋನಿಗೆ ಹೋಗುತ್ತದೆ, ಒಂದು ಸಲ ಮನೆ ನೋಡಿ ವಾಪಸ್ ಹೋದ ನಾಯಿಗೆ ಅದು ದೊಡ್ಡ ಪೆಟ್ಟು. ಅಪಾರ್ಟ್‌ಮೆಂಟ್‌ನಲ್ಲಿ ಸ್ವಂತ ಮನೆ ಇರುವವರ ವಿಷಯ ಬೇರೆ. ಅಲ್ಲಿನ ಸಂಘ ನಾಯಿ ಸಾಕಬೇಡಿ ಅಂತಾಗಲಿ, ಲಿಫ್ಟ್ ಬಳಸಬೇಡಿ ಅಂತಾಗಲಿ ಹೇಳುವ ಹಾಗಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದರ ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ. ಆದರೂ ಅಕ್ಕಪಕ್ಕದವರ ಹತ್ತಿರ ಮೊದಲೇ ಹೋಗಿ ಒಳ್ಳೆಯ ಮಾತಿನಲ್ಲಿ ತಿಳಿಸಿ. ರಾತ್ರಿ ಬೊಗಳಿದಾಗ ಆ ಮಾತು ಉಪಯೋಗಕ್ಕೆ ಬರುತ್ತದೆ.

ನಾಯಿ ಕೊಡುವವರ ಹತ್ತಿರ ಕೇಳಬೇಕಾದ್ದು ಬಹಳ ಇದೆ, ನಾಚಿಕೆಪಡದೆ ಕೇಳಿ. ದಿನಕ್ಕೆ ಎಷ್ಟು ಸಲ ಊಟ ಹಾಕುತ್ತಿದ್ದರು, ಏನು ಹಾಕುತ್ತಿದ್ದರು? ಯಾವ ಲಸಿಕೆ ಯಾವ ತಾರೀಖು ಆಗಿದೆ? ಮಕ್ಕಳಾಗದ ಆಪರೇಷನ್ ಆಗಿದೆಯಾ? ಕೆಂಪಿಯ ಒಂದು ಕಿವಿಯ ತುದಿ ಕತ್ತರಿಸಿದೆ. ಅದು ಗಾಯ ಅಲ್ಲ, ಬೀದಿಯಲ್ಲಿದ್ದಾಗಲೇ ಆಪರೇಷನ್ ಆಗಿರುವ ಗುರುತು. ಮೊದಲು ಯಾವುದಾದರೂ ಮನೆಯಲ್ಲಿ ಇತ್ತಾ? ಗಂಡಸರನ್ನು ಕಂಡರೆ ಹೆದರುತ್ತದಾ? ರಕ್ತ ಹೀರುವ ಉಣ್ಣೆ ಹುಳ ಕಚ್ಚಿ ಬರುವ ಟಿಕ್ ಫೀವರ್ ಬಂದಿತ್ತಾ? ಈ ಕೊನೆಯ ಪ್ರಶ್ನೆ ಬೆಂಗಳೂರಿನಲ್ಲಿ ತುಂಬಾ ಮುಖ್ಯ, ಯಾಕೆ ಅಂತ ಮುಂದೆ ಹೇಳುತ್ತೇನೆ.

ದಿನ ಕೂಡ ನೋಡಿ ತನ್ನಿ. ಪಂಚಾಂಗದ ಪ್ರಕಾರ ಅಲ್ಲ, ಸದ್ದಿನ ಪ್ರಕಾರ. ಗಣೇಶನ ಹಬ್ಬ, ದೀಪಾವಳಿ, ಹೊಸ ವರ್ಷ, ಇವುಗಳ ಹಿಂದಿನ ಎರಡು ಮೂರು ವಾರ ಬೇಡವೇ ಬೇಡ. ನಮ್ಮ ಕಡೆ ಬಸವನಗುಡಿಯ ಕಡಲೆಕಾಯಿ ಪರಿಷೆ ಬೇರೆ ಇದೆ, ಕಾರ್ತಿಕದ ಕೊನೆ ಸೋಮವಾರ. ಆ ಜನ, ಆ ಪೀಪಿ ಸದ್ದು ಹೊಸ ನಾಯಿಗೆ ತಡೆಯುವುದಿಲ್ಲ. ಮನೆಯಲ್ಲಿ ಮದುವೆ, ಪೈಂಟಿಂಗ್, ಮಕ್ಕಳ ಪರೀಕ್ಷೆ ಇದ್ದರೂ ಮುಂದೂಡಿ. ನಾವು ತಂದಿದ್ದು ಜೂನ್‌ನಲ್ಲಿ, ಶನಿವಾರ. ಯಜಮಾನರು ಬಿಎಂಟಿಸಿ ಡ್ರೈವರ್. ಅವರು ಮೂರು ದಿನ ರಜೆ ಹಾಕಿದರು.

ಇನ್ನು ಮನೆ. ಮೊಣಕಾಲೂರಿ ಕೂತು ನಾಯಿಯ ಎತ್ತರದಿಂದ ಒಂದು ಸಲ ಇಡೀ ಮನೆ ನೋಡಿ. ನನಗೆ ಮೆಷಿನ್ ಕೆಳಗೆ ಏಳು ಗುಂಡುಪಿನ್ನು, ಒಂದು ಮುರಿದ ಸೂಜಿ ಸಿಕ್ಕಿತು. ನುಂಗಿದ್ದರೆ ಹೊಟ್ಟೆ ಕೊಯ್ಯಬೇಕಾಗುತ್ತಿತ್ತು. ಬಾಲ್ಕನಿ ಗ್ರಿಲ್‌ನಲ್ಲಿ ತಲೆ ತೂರುವಷ್ಟು ಸಂದು ಇದ್ದರೆ ಜಾಲರಿ ಕಟ್ಟಿ. ಟೆರೇಸ್ ಬಾಗಿಲಿಗೆ ಬೀಗ ಹಾಕಿ. ಟೈಲ್ಸ್ ನೆಲದ ಮೇಲೆ ಬೀದಿ ನಾಯಿ ಜಾರುತ್ತದೆ, ಜಾರಿದರೆ ಇನ್ನೂ ಹೆದರುತ್ತದೆ. ಅದರ ಜಾಗದಿಂದ ನೀರಿನ ತನಕ, ನೀರಿನಿಂದ ಬಾಗಿಲ ತನಕ ಹಳೇ ಕಾಲೊರಸು, ಗೋಣಿಚೀಲ, ಏನಾದರೂ ಹಾಸಿ ದಾರಿ ಮಾಡಿಕೊಡಿ. ಅದಕ್ಕೆ ಅಂತ ಒಂದು ಮೂಲೆ ಬೇಕು. ಜನ ಓಡಾಡದ, ಹಿಂದೆ ಗೋಡೆ ಇರುವ ಮೂಲೆ. ಬೀದಿಯಲ್ಲಿ ನಾಯಿಗಳು ನಿಂತ ಕಾರಿನ ಕೆಳಗೆ ಮಲಗುವುದು ನೋಡಿದ್ದೀರಲ್ಲ, ಅಂಥದ್ದು. ದುಬಾರಿ ಹಾಸಿಗೆ ಬೇಕಿಲ್ಲ, ಹಳೇ ರಗ್ಗು ಸಾಕು.

ಮೊದಲ ಮೂರು ದಿನ ಏನೂ ಮಾಡದೇ ಇರುವುದು

ನಾಯಿಗಳ ಕೆಲಸ ಮಾಡುವವರು ‘ಮೂರು ದಿನ, ಮೂರು ವಾರ, ಮೂರು ತಿಂಗಳು’ ಎನ್ನುತ್ತಾರೆ. ಮೂರು ದಿನ ಗಾಬರಿ ಇಳಿಯಲು, ಮೂರು ವಾರ ಮನೆಯ ಕ್ರಮ ಕಲಿಯಲು, ಮೂರು ತಿಂಗಳು ಇದು ನನ್ನ ಮನೆ ಅಂತ ನಂಬಲು. ಇದು ಅಂದಾಜು ಲೆಕ್ಕ. ಕೆಂಪಿಗೆ ಮೊದಲನೆಯ ಹಂತಕ್ಕೇ ಹತ್ತು ದಿನ ಬೇಕಾಯಿತು. ನಮ್ಮ ರಸ್ತೆಯ ಇನ್ನೊಂದು ನಾಯಿ ಎರಡನೇ ದಿನವೇ ಸೋಫಾ ಹತ್ತಿತು.

ಮನೆ ತಲುಪಿದಾಗ ಕಂಕುಳಲ್ಲಿ ಎತ್ತಿಕೊಂಡು ಒಳಗೆ ಇಳಿಸಬೇಡಿ. ಬೆಲ್ಟ್ ಹಿಡಿದು ಅದು ಮೂಸಿಕೊಂಡು ನಡೆಯುವಷ್ಟೇ ನಿಧಾನಕ್ಕೆ ನೀವೂ ನಡೆಯಿರಿ. ಮೆಟ್ಟಿಲು ಎಂದೂ ಹತ್ತದ ನಾಯಿ ಅಲ್ಲೇ ನಿಂತುಬಿಡುತ್ತದೆ. ನಮ್ಮ ಮನೆಗೆ 17 ಮೆಟ್ಟಿಲು. ಅವತ್ತು ಅರ್ಧ ಗಂಟೆ ಹಿಡಿಯಿತು. ಒಂದೊಂದು ಮೆಟ್ಟಿಲಿಗೆ ಒಂದೊಂದು ಚೂರು ಬೇಯಿಸಿದ ಕೋಳಿ. ಯಜಮಾನರು ಅವಸರ ಮಾಡಲಿಲ್ಲ, ಅದು ಅವರ ದೊಡ್ಡ ಗುಣ.

ಆಮೇಲೆ ಮೂಲೆ ತೋರಿಸಿ, ನೀರು ಇಡಿ, ನಿಮ್ಮ ಕೆಲಸ ನೋಡಿಕೊಳ್ಳಿ. ನಿಜವಾಗಲೂ ಅಷ್ಟೇ. ನಾನು ಮೂರನೇ ದಿನದಿಂದ ಮೆಷಿನ್ ಶುರು ಮಾಡಿದೆ, ಮೊದಲು ಕೈಯಲ್ಲಿ ತಿರುಗಿಸಿ, ಆಮೇಲೆ ಪೆಡಲ್. ನೆಂಟರಿಗೆ ಎರಡು ವಾರ ಬರಬೇಡಿ ಅಂತ ಹೇಳಿಬಿಡಿ. ಸ್ನಾನ ಬೇಡ. ಮೈ ಎಷ್ಟೇ ವಾಸನೆ ಬರಲಿ, ಒಂದು ವಾರ ತಡೆದುಕೊಳ್ಳಿ. ಗುರುತೇ ಇಲ್ಲದವರು ಹಿಡಿದು ನೀರು ಸುರಿದರೆ ನಮಗೆ ಹೇಗಾಗುತ್ತದೆ, ಹಾಗೇ ಅಲ್ವಾ?

ನಾಯಿ ಹತ್ತಿರ ಬಂದರೆ ಪಕ್ಕಕ್ಕೆ ತಿರುಗಿ ಕೂರಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಮೇಲಿಂದ ಕೈ ತಂದು ತಲೆ ಸವರಬೇಡಿ, ಕೈ ಕೆಳಗೆ ಇಟ್ಟು ಮೂಸಲು ಬಿಡಿ. ಮೂಸಿದ ಮೇಲೂ ಅಲ್ಲೇ ನಿಂತರೆ ಎದೆಯ ಹತ್ತಿರ ಎರಡು ಮೂರು ಸಲ ಕೆರೆಯಿರಿ, ಕೈ ತೆಗೆಯಿರಿ. ಇನ್ನೂ ಬೇಕಿದ್ದರೆ ಅದೇ ಮೈ ಒತ್ತುತ್ತದೆ. ಬೇಡವಾದರೆ ಹೋಗುತ್ತದೆ. ಬಾಲ ಹೊಟ್ಟೆ ಕೆಳಗೆ ಸೇರಿದ್ದರೆ ಹೆದರಿದೆ ಅಂತ ಎಲ್ಲರಿಗೂ ಗೊತ್ತು. ಆದರೆ ತುಟಿ ನೆಕ್ಕುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ಓರೆ ನೋಡುವುದು, ಇವೂ ‘ಸಾಕು, ದೂರ ಹೋಗಿ’ ಅನ್ನುವ ಮಾತೇ. ಮೈ ಮರದ ಹಾಗೆ ಗಟ್ಟಿಯಾದರೆ ಕಚ್ಚುವುದಕ್ಕೆ ಸ್ವಲ್ಪವೇ ದೂರ. ಗುರ್ ಅಂದರೆ ಹೊಡೆಯಬೇಡಿ, ಬೈಯಬೇಡಿ. ಗುರ್ ಅನ್ನುವುದು ಅದು ಕೊಡುವ ಎಚ್ಚರಿಕೆ. ಹೊಡೆದು ಆ ಎಚ್ಚರಿಕೆ ನಿಲ್ಲಿಸಿದರೆ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ಮಕ್ಕಳಿಗೆ ಎರಡೇ ನಿಯಮ ಹೇಳಿ: ಮಲಗಿದಾಗ ಮುಟ್ಟಬಾರದು, ತಿನ್ನುವಾಗ ಹತ್ತಿರ ಹೋಗಬಾರದು. ಹಾಗೆ ಹೇಳಿದರೂ ಚಿಕ್ಕ ಮಕ್ಕಳನ್ನು ನಾಯಿಯ ಜೊತೆ ಒಂಟಿಯಾಗಿ ಬಿಡಬೇಡಿ.

ಊಟ, ಉಚ್ಚೆ, ಡಾಕ್ಟರು

ಮೊದಲ ವಾರ ಹಿಂದಿನ ಜಾಗದಲ್ಲಿ ಏನು ತಿನ್ನುತ್ತಿತ್ತೋ ಅದೇ ಹಾಕಿ. ಆಮೇಲೆ ನಿಮ್ಮ ಮನೆಯ ಊಟ ಕಾಲು ಭಾಗ, ಎರಡು ದಿನ ಬಿಟ್ಟು ಅರ್ಧ, ಹೀಗೆ ಒಂದು ವಾರದಲ್ಲಿ ಬದಲಿಸಿ. ಒಮ್ಮೆಲೇ ಬದಲಿಸಿದರೆ ಭೇದಿ ಗ್ಯಾರಂಟಿ. ನಾವು ಹಾಕುವುದು ಉಪ್ಪು ಹಾಕದೆ ಬೇಯಿಸಿದ ಕೋಳಿ, ಅನ್ನ, ಸಿಹಿಕುಂಬಳ ಅಥವಾ ಕ್ಯಾರೆಟ್. ಬೇಸಿಗೆಯಲ್ಲಿ ಒಂದು ಚಮಚ ಮೊಸರು. ಬರೀ ಇದನ್ನೇ ವರ್ಷಾನುಗಟ್ಟಲೆ ಹಾಕಿದರೆ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ, ಹಾಗಾಗಿ ಡಾಕ್ಟರನ್ನು ಕೇಳಿ ಪೌಡರ್ ಸೇರಿಸುತ್ತೇವೆ. ದಿನಕ್ಕೆ ಎರಡು ಸಲ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ. 20 ನಿಮಿಷ ಬಿಟ್ಟು ತಟ್ಟೆ ತೆಗೆದಿಡಿ. ಮೊದಲೆರಡು ದಿನ ಮಾತ್ರ ರಾತ್ರಿಯೂ ಅಲ್ಲೇ ಬಿಡಿ, ಹೆದರಿದ ನಾಯಿ ಕತ್ತಲಲ್ಲೇ ತಿನ್ನುವುದು.

ನಮ್ಮ ಅಡುಗೆಮನೆಯಲ್ಲಿ ನಾಯಿಗೆ ವಿಷವಾಗುವ ಪದಾರ್ಥ ಸಾಕಷ್ಟಿವೆ. ಈರುಳ್ಳಿ, ಬೆಳ್ಳುಳ್ಳಿ ಅದರ ರಕ್ತ ಕೆಡಿಸುತ್ತವೆ. ಅಂದರೆ ಸಾರು, ಹುಳಿ, ಪಲ್ಯ ಕಲಸಿದ ಅನ್ನ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಹೊಡೆತ. ಕೇಸರಿಬಾತ್, ಪಾಯಸ ಕೊಡುವ ಮುಂಚೆ ಇದು ನೆನಪಿರಲಿ, ಕೊಡದಿದ್ದರೆ ಇನ್ನೂ ಒಳ್ಳೆಯದು. ಚಾಕೊಲೇಟ್ ಕೂಡದು. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ, ಕರುಳಿಗೆ ಚುಚ್ಚುತ್ತದೆ. ನಮ್ಮ ಅತ್ತೆಯವರು ಪ್ರೀತಿಯಿಂದ ಹಾಲಿಗೆ ಬಿಸ್ಕತ್ತು ಅದ್ದಿ ಕೊಡುತ್ತಿದ್ದರು. ಬಹಳ ನಾಯಿಗಳಿಗೆ ಹಾಲು ಅರಗುವುದಿಲ್ಲ. ಎರಡು ದಿನ ಮೆಟ್ಟಿಲು ತೊಳೆದ ಮೇಲೆ ಅವರೇ ನಿಲ್ಲಿಸಿದರು.

ಉಚ್ಚೆಯ ವಿಷಯಕ್ಕೆ ಬೈಗುಳ ಬೇಡ, ಮೂಗನ್ನು ಅದಕ್ಕೆ ಉಜ್ಜುವುದಂತೂ ಖಂಡಿತ ಬೇಡ. ಹಾಗೆ ಮಾಡಿದರೆ ಒಳಗೆ ಮಾಡಬಾರದು ಅಂತ ಕಲಿಯುವುದಿಲ್ಲ, ನಿಮ್ಮ ಕಣ್ಣೆದುರು ಮಾಡಬಾರದು ಅಂತ ಕಲಿಯುತ್ತದೆ. ಆಮೇಲೆ ಬೀರು ಹಿಂದೆ ಹೋಗಿ ಮಾಡುತ್ತದೆ. ಎದ್ದ ತಕ್ಷಣ, ಊಟವಾದ ಮೇಲೆ, ಮಲಗುವ ಮುಂಚೆ ಹೊರಗೆ ಕರೆದೊಯ್ಯಿರಿ. ಒಂದೇ ಜಾಗಕ್ಕೆ. ಮಾಡಿ ಮುಗಿಸಿದ ಕ್ಷಣವೇ ಅಲ್ಲೇ ತಿಂಡಿ ಕೊಡಿ, ಮನೆಗೆ ಬಂದ ಮೇಲೆ ಅಲ್ಲ. ಒಳಗೆ ಆದರೆ ವಿನಿಗರ್ ಬೆರೆಸಿದ ನೀರಿನಲ್ಲಿ ಒರೆಸಿ. ಫಿನಾಯಿಲ್ ಸುರಿದ ನೆಲ ಪೂರ್ತಿ ಒಣಗುವ ತನಕ ನಾಯಿಯನ್ನು ಬಿಡಬೇಡಿ, ಪಾದ ನೆಕ್ಕಿದರೆ ಅದು ಹೊಟ್ಟೆಗೆ ಹೋಗುತ್ತದೆ. ರಸ್ತೆಯಲ್ಲಿ ಕಕ್ಕ ಮಾಡಿದರೆ ತೆಗೆಯಿರಿ. ನನ್ನ ಚೀಲದಲ್ಲಿ ಹಳೇ ನ್ಯೂಸ್‌ಪೇಪರ್ ಯಾವಾಗಲೂ ಇರುತ್ತದೆ.

ಮೂರು ನಾಲ್ಕು ದಿನ ಕಳೆದು, ಸ್ವಲ್ಪ ತಿನ್ನಲು ಶುರು ಮಾಡಿದ ಮೇಲೆ ಡಾಕ್ಟರ ಹತ್ತಿರ ಹೋಗಿ. ವಾಂತಿ, ಭೇದಿ, ಕೆಮ್ಮು ಇದ್ದರೆ ಮಾತ್ರ ಅವತ್ತೇ ಹೋಗಿ. ಖಾಸಗಿ ಕ್ಲಿನಿಕ್ ದುಬಾರಿಯಾದರೆ ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ, ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜಿನ ಆಸ್ಪತ್ರೆ ಇದೆ. ರೇಬಿಸ್ ಲಸಿಕೆ ಪ್ರತಿ ವರ್ಷ, ತಪ್ಪದೆ. ಡಿಸ್ಟೆಂಪರ್, ಪಾರ್ವೊ ಅನ್ನುವ ನಾಯಿ ರೋಗಗಳ ಲಸಿಕೆಯೂ ಆಗಿರಬೇಕು. ಬೆಳೆದ ನಾಯಿಗೆ ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ. ಲಸಿಕೆಯ ಕಾರ್ಡ್ ಜೋಪಾನ, ಪಾಲಿಕೆಯ ಲೈಸೆನ್ಸ್‌ಗೆ ಅದು ಬೇಕು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಐದು ಪಾಲಿಕೆಗಳಾಗಿವೆ, ನಿಮ್ಮದು ಯಾವುದೋ ಅಲ್ಲಿ ವಿಚಾರಿಸಿ. ಅಪ್ಪಿತಪ್ಪಿ ಕಚ್ಚಿದರೆ, ಪರಚಿದರೆ, ನಮ್ಮ ನಾಯಿ ತಾನೆ ಅಂತ ಬಿಡಬೇಡಿ. ಗಾಯವನ್ನು ನಲ್ಲಿ ನೀರು, ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಈಗ ಉಣ್ಣೆ. ನಮ್ಮೂರಿನ ಹವೆ ಮನುಷ್ಯರಿಗೆ ಎಷ್ಟು ಹಿತವೋ ಉಣ್ಣೆಗಳಿಗೂ ಅಷ್ಟೇ ಹಿತ. ಉಣ್ಣೆ ಕಚ್ಚಿ ಬರುವ ಜ್ವರ ಮೊದಲು ಕಾಣಿಸುವುದು ಮಂಕಾಗಿ. ನಾಯಿ ಊಟ ಬಿಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಮೂಗಿನಲ್ಲಿ ರಕ್ತ. ಹೊಸ ನಾಯಿ ಮಂಕಾಗಿದ್ದರೆ ಬೇಸರ ಅಂದುಕೊಂಡು ನಾವು ಸುಮ್ಮನಿರುತ್ತೇವೆ, ಅಲ್ಲೇ ತಪ್ಪುವುದು. ಮೊದಲ ಎರಡು ಮೂರು ದಿನ ಕಳೆದ ಮೇಲೂ ಊಟ ಸೇರದಿದ್ದರೆ, ಅಥವಾ ತಿನ್ನುತ್ತಿದ್ದ ನಾಯಿ ಬಿಟ್ಟರೆ, ರಕ್ತ ಪರೀಕ್ಷೆ ಮಾಡಿಸಿ. ಬೇಗ ಗೊತ್ತಾದರೆ ಹೆಚ್ಚಿನ ಸಲ ಔಷಧಿಯಲ್ಲೇ ವಾಸಿಯಾಗುತ್ತದೆ. ದಿನಾ ರಾತ್ರಿ ಕಿವಿಯ ಒಳಗೆ, ಬೆರಳ ಸಂದು, ಕಂಕುಳು ತಡವಿ ನೋಡಿ. ಮೈ ಬಿಸಿ ಇದೆ ಅಂತ ಗಾಬರಿ ಬೇಡ, ನಾಯಿಯ ಮೈ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಜ್ವರ ಅಂದುಕೊಂಡು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ. ಜೀವಕ್ಕೇ ಕುತ್ತು.

ಚಿಲಕ

ಒಂಬತ್ತನೇ ದಿನ ಕೆಂಪಿ ಓಡಿಹೋದಳು.

ಸಿಲಿಂಡರ್ ಬಂದಿತ್ತು. ನಾನು ಅವಳನ್ನು ಕತ್ತಿನ ಬೆಲ್ಟ್‌ನಲ್ಲಿ ಹಿಡಿದು ಕೆಳಗೆ ಇಳಿಸುತ್ತಿದ್ದೆ. ಗೇಟು ಅರ್ಧ ತೆರೆದಿತ್ತು. ಖಾಲಿ ಸಿಲಿಂಡರ್ ಠಣ್ ಅಂತ ನೆಲಕ್ಕೆ ಬಿತ್ತು. ಅವಳು ಮುಂದಕ್ಕೆ ಹೋಗಲಿಲ್ಲ, ಹಿಂದಕ್ಕೆ ಎಳೆದುಕೊಂಡಳು. ತಲೆ ಬಗ್ಗಿಸಿದಳು, ಬೆಲ್ಟ್ ಕಿವಿಯ ಮೇಲಿಂದ ಜಾರಿ ನನ್ನ ಕೈಯಲ್ಲಿ ಉಳಿಯಿತು. ನಾನು ಹೆಸರು ಕೂಗುತ್ತಾ 50 ಅಡಿ ರಸ್ತೆಯ ತನಕ ಓಡಿದೆ. ಓಡಿದಷ್ಟೂ ಅವಳು ದೂರ ಹೋದಳು. ಹೆದರಿದ ನಾಯಿಗೆ ಹಿಂದೆ ಓಡಿ ಬರುವುದು ಯಾರು ಅನ್ನುವುದು ಮುಖ್ಯವಲ್ಲ. ಓಡಿ ಬರುತ್ತಿದ್ದಾರೆ, ಅಷ್ಟೇ.

ರಾಮಾಂಜನೇಯ ಗುಡ್ಡದ ಬಳಿ ಹೂ ಮಾರುವವರು, ಎಳನೀರಿನವರು, ಬೀದಿ ನಾಯಿಗಳಿಗೆ ರಾತ್ರಿ ಅನ್ನ ಹಾಕುವ ಒಬ್ಬರು, ಎಲ್ಲರಿಗೂ ಫೋನಿನಲ್ಲಿ ಫೋಟೋ ತೋರಿಸಿದೆ. ನಾಯಿಗೆ ಅನ್ನ ಹಾಕುವವರೇ ಹೇಳಿಕೊಟ್ಟರು: ಕಂಡರೂ ಹಿಡಿಯಲು ಹೋಗಬೇಡಿ, ಅವಳ ರಗ್ಗನ್ನು ಗೇಟಿನ ಹತ್ತಿರ ಹಾಕಿ, ನೀವು ಉಟ್ಟು ಬಿಟ್ಟ ಬಟ್ಟೆ ಅದರ ಮೇಲೆ ಇಡಿ, ಗೇಟು ತೆರೆದಿಟ್ಟು ದೂರ ಕೂರಿ. ರಾತ್ರಿ ಹತ್ತೂವರೆಗೆ ರಸ್ತೆ ತಣ್ಣಗಾದ ಮೇಲೆ ಎದುರಿನ ಖಾಲಿ ಸೈಟಿನ ಎಕ್ಕದ ಗಿಡಗಳ ಹಿಂದಿನಿಂದ ಬಂದಳು. ಇಷ್ಟು ಹೊತ್ತೂ ಅಲ್ಲೇ ಇದ್ದಳೋ ಏನೋ. ನಾನು ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತಿದ್ದೆ. ಬಂದವಳು ನನ್ನನ್ನು ದಾಟಿ, ತಾನೇ 17 ಮೆಟ್ಟಿಲು ಹತ್ತಿ, ದಿವಾನ್ ಕೆಳಗೆ ಹೋದಳು. ನಾನು ಗೇಟು ಹಾಕಿ ಅಲ್ಲೇ ಕೂತು ಜೋರಾಗಿ ಅತ್ತೆ.

ಆದ್ದರಿಂದ ಮೊದಲ ಮೂರು ತಿಂಗಳು ಎರಡು ಹಿಡಿತ ಇರಲಿ. ಕತ್ತಿಗೆ ಒಂದು ಬೆಲ್ಟ್, ಎದೆಗೆ ಸುತ್ತಿ ಕಟ್ಟುವ ಪಟ್ಟಿ (ಹಾರ್ನೆಸ್), ಎರಡಕ್ಕೂ ಹಗ್ಗ. ಕತ್ತಿನ ಬೆಲ್ಟ್‌ನಲ್ಲಿ ಎರಡು ಬೆರಳು ತೂರಬೇಕು, ಮೂರನೆಯದು ತೂರಬಾರದು. ಫೋನ್ ನಂಬರ್ ಕೆತ್ತಿದ ಬಿಲ್ಲೆ ಮೊದಲ ದಿನವೇ ಹಾಕಿ. ಡಾಕ್ಟರ ಹತ್ತಿರ ಮೈಕ್ರೋಚಿಪ್ ಹಾಕಿಸಿ, ಅಕ್ಕಿಕಾಳಿನಷ್ಟು ಇರುತ್ತದೆ, ಚರ್ಮದ ಕೆಳಗೆ ಕೂರುತ್ತದೆ. ಬೆಲ್ ಹೊಡೆದಾಗ ಮೊದಲು ನಾಯಿಯನ್ನು ರೂಮಿಗೆ ಸೇರಿಸಿ, ಆಮೇಲೆ ಬಾಗಿಲು ತೆಗೆಯಿರಿ. ಗೇಟಿನ ಚಿಲಕ ಸಡಿಲವಿದ್ದರೆ ನಾಯಿ ತರುವ ಮುಂಚೆಯೇ ಸರಿ ಮಾಡಿಸಿ.

ವಾಕಿಂಗ್‌ಗೆ ಅವಸರ ಬೇಡ. ಮೊದಮೊದಲು ಮನೆ ಮುಂದಿನ ಹತ್ತು ಮಾರು ಸಾಕು, ಬೆಳಗಿನ ಐದೂವರೆಗೆ, ಹಾಲಿನವರು ಬಿಟ್ಟರೆ ಯಾರೂ ಇಲ್ಲದ ಹೊತ್ತು. ನಮ್ಮ ರಸ್ತೆಯ ಬೀದಿ ನಾಯಿಗಳು ಹೊಸಬರನ್ನು ಒಪ್ಪಲು ಮೂರು ವಾರ ತೆಗೆದುಕೊಂಡವು. ಕಲ್ಲು ಎಸೆಯಬೇಡಿ, ಓಡಬೇಡಿ. ಹಗ್ಗ ಸಡಿಲವಾಗಿ ಹಿಡಿದು ರಸ್ತೆಯ ಇನ್ನೊಂದು ಬದಿಗೆ ಹೋಗಿ. ನಾನು ಅವುಗಳ ಹೊಟ್ಟೆಗೂ ಸ್ವಲ್ಪ ಅನ್ನ ಹಾಕುತ್ತಿದ್ದೆ, ಕೆಂಪಿ ಜೊತೆಯಲ್ಲಿ ಇಲ್ಲದಾಗ.

ಪೊರಕೆ

ಪ್ರತಿ ನಾಯಿಗೂ ಒಂದು ಭಯ ಇರುತ್ತದೆ. ಕೆಂಪಿಗೆ ಕಡ್ಡಿಪೊರಕೆ. ಬಾಗಿಲ ಮುಂದೆ ಗುಡಿಸಲು ಕೈಗೆತ್ತಿಕೊಂಡರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು. ಯಾರು ಎಲ್ಲಿ ಎಷ್ಟು ಹೊಡೆದಿದ್ದರೋ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಾಡಿದ್ದು ಇಷ್ಟು. ಪೊರಕೆಯನ್ನು ರೂಮಿನ ಆಚೆ ಮೂಲೆಯಲ್ಲಿ ನೆಲದ ಮೇಲೆ ಮಲಗಿಸಿದೆ. ಅವಳು ಅದನ್ನು ನೋಡಿಯೂ ನೆಮ್ಮದಿಯಾಗಿ ಕೂರಬಲ್ಲ ದೂರದಲ್ಲಿ ಕೋಳಿ ಚೂರು ಹಾಕಿದೆ. ಮಾರನೇ ದಿನ ಒಂದು ಅಡಿ ಹತ್ತಿರ. ಕಿವಿ ಹಿಂದಕ್ಕೆ ಹೋದರೆ ಮತ್ತೆ ದೂರ. ಎಂಟು ದಿನಕ್ಕೆ ಪೊರಕೆಯ ಪಕ್ಕದಲ್ಲೇ ತಿಂದಳು. ಆಮೇಲೆ ಪೊರಕೆಯ ಹಿಡಿ ಮುಟ್ಟಿದೆ, ಎತ್ತಲಿಲ್ಲ. ಕೋಳಿ. ಆಮೇಲೆ ಒಂದು ಗೇಣು ಎತ್ತಿದೆ. ಕೋಳಿ. ಆಮೇಲೆ ಒಂದೇ ಒಂದು ಸಲ ನಿಧಾನಕ್ಕೆ ಗುಡಿಸಿದೆ. ದಿನಕ್ಕೆ ಐದು ನಿಮಿಷಕ್ಕಿಂತ ಜಾಸ್ತಿ ಮಾಡಲಿಲ್ಲ. ಇಪ್ಪತ್ತೆರಡನೇ ದಿನ ನಾನು ಬಾಗಿಲು ಗುಡಿಸಿ ರಂಗೋಲಿ ಹಾಕಿದೆ, ಅವಳು ಹೊಸಿಲ ಒಳಗೆ ಮಲಗಿ ನೋಡುತ್ತಿದ್ದಳು.

ಕುಕ್ಕರ್ ವಿಷಲ್‌ಗೂ ಮಿಕ್ಸಿಗೂ ಕಸದ ಗಾಡಿಯ ಹಾಡಿಗೂ ಇದೇ ದಾರಿ. ಸದ್ದು ಬಂದ ಮೇಲೆ ತಿಂಡಿ ಬರಬೇಕು, ಆ ಕ್ರಮ ತಪ್ಪಬಾರದು. ಹೆದರಿದಾಗ ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತದೆ ಎನ್ನುವವರಿದ್ದಾರೆ, ನಂಬಬೇಡಿ. ಅದು ಹತ್ತಿರ ಬಂದರೆ ಜೊತೆಯಲ್ಲಿ ಕೂರಿ. ಪಟಾಕಿಗೆ ಮಾತ್ರ ಮುಂಚಿನ ತಯಾರಿ ಬೇಕು. ಕತ್ತಲಾಗುವ ಮುಂಚೆ ವಾಕಿಂಗ್ ಮುಗಿಸಿ, ಕಿಟಕಿ ಹಾಕಿ, ಫ್ಯಾನು ಟಿವಿ ಹಚ್ಚಿಡಿ, ಬಿಲ್ಲೆ ಕತ್ತಿನಲ್ಲೇ ಇರಲಿ. ತೀರಾ ನಡುಗುವ ನಾಯಿಗೆ ಔಷಧಿ ಇದೆ, ಹಬ್ಬಕ್ಕೆ ಹದಿನೈದು ದಿನ ಮುಂಚೆ ಡಾಕ್ಟರನ್ನು ಕೇಳಿ.

ಹೆಸರಿನ ಮಾತು ಮರೆತೆ. ನಮಗೆ ಕೊಟ್ಟವರು ಅವಳನ್ನು ಬ್ರೌನಿ ಎನ್ನುತ್ತಿದ್ದರು. ಹೆಸರು ಬದಲಿಸಬಹುದು, ತೊಂದರೆ ಇಲ್ಲ. ಹೊಸ ಹೆಸರು ಹೇಳಿ, ತಿರುಗಿದರೆ ತಿಂಡಿ ಕೊಡಿ, ಒಂದು ವಾರದಲ್ಲಿ ಕಲಿಯುತ್ತದೆ. ಬೈಯಲು ಮಾತ್ರ ಆ ಹೆಸರು ಬಳಸಬೇಡಿ. ಕೆಂಪಿ ಅಂತ ಇಟ್ಟಿದ್ದು ಅತ್ತೆಯವರು, ಅವರ ತವರಿನಲ್ಲಿ ಆ ಹೆಸರಿನ ಹಸು ಇತ್ತಂತೆ. ನಾಯಿ ಬೇಡ ಅಂತ ಹಟ ಹಿಡಿದಿದ್ದವರೂ ಅವರೇ. ಎರಡು ತಿಂಗಳು ‘ಅದು ತಿಂತಾ?’ ಅಂತ ಕೇಳುತ್ತಿದ್ದವರು ಒಂದು ದಿನ ಬೆಳಿಗ್ಗೆ ‘ಅವಳು ತಿಂದಳಾ?’ ಅಂದರು. ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು.

ಒಂಟಿಯಾಗಿ ಬಿಡುವುದು

ಇದನ್ನು ಎರಡನೇ ವಾರದಿಂದಲೇ ಕಲಿಸಬೇಕು. ರಜೆ ಹಾಕಿ ಹಗಲೂ ರಾತ್ರಿ ಜೊತೆಗಿದ್ದು, ಹದಿನಾರನೇ ದಿನ ಎಂಟು ಗಂಟೆ ಬೀಗ ಹಾಕಿಕೊಂಡು ಹೋದರೆ ಯಾವ ನಾಯಿಯಾದರೂ ಬಾಗಿಲು ಪರಚುತ್ತದೆ.

ಮೊದಲು ಚಪ್ಪಲಿ ಹಾಕಿಕೊಳ್ಳಿ, ಬೀಗದ ಕೈ ತೆಗೆದುಕೊಳ್ಳಿ, ಎಲ್ಲಿಗೂ ಹೋಗದೆ ವಾಪಸ್ ಕೂರಿ. ದಿನಕ್ಕೆ ನಾಲ್ಕೈದು ಸಲ. ಬೀಗದ ಕೈ ಸದ್ದಿಗೆ ತಲೆ ಎತ್ತುವುದನ್ನು ಬಿಟ್ಟ ಮೇಲೆ ಬಾಗಿಲ ಆಚೆ ನಿಂತು ಹತ್ತು ಎಣಿಸಿ ಒಳಗೆ ಬನ್ನಿ. ಆಮೇಲೆ ಒಂದು ನಿಮಿಷ. ಮೂರು. ಐದು. ನಾನು ಮೆಟ್ಟಿಲ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದೆ. ಅತ್ತರೆ ನೀವು ಅವಸರ ಮಾಡಿದ್ದೀರಿ ಅಂತ ಅರ್ಥ, ಹಿಂದಿನ ಹಂತಕ್ಕೆ ಹೋಗಿ. ಹೋಗುವಾಗ ದೊಡ್ಡದಾಗಿ ಮುದ್ದು ಮಾಡಿ ಬೀಳ್ಕೊಡಬೇಡಿ, ಬಂದಾಗಲೂ ಅದು ತಣ್ಣಗಾಗುವ ತನಕ ಗದ್ದಲ ಬೇಡ. ಹೊರಡುವ ಮುಂಚೆ ನೆಕ್ಕಿ ನೆಕ್ಕಿ ಮುಗಿಸುವಂಥದ್ದು ಏನಾದರೂ ಕೊಡಿ. ನಾನು ತೆಂಗಿನ ಚಿಪ್ಪಿನಲ್ಲಿ ಮೊಸರನ್ನ ಒತ್ತಿ ತುಂಬಿ ಕೊಡುತ್ತೇನೆ, ಒಗ್ಗರಣೆ ಇಲ್ಲದ್ದು. ಚಿಪ್ಪು ಕಡಿಯುವ ನಾಯಿಯಾದರೆ ಅದರ ಬದಲು ಗಟ್ಟಿ ರಬ್ಬರಿನ ಆಟಿಕೆ ಇಡಿ.

ಅರ್ಧ ಗಂಟೆಯ ತನಕ ಬರಲು ನಮಗೆ ಐದು ವಾರ ಹಿಡಿಯಿತು. ಅರ್ಧ ಗಂಟೆ ದಾಟಿದ ಮೇಲೆ ಬೇಗ ಬೇಗ ಮುಂದುವರಿಯಿತು. ಈಗ ನೂಲು, ಲೈನಿಂಗ್ ಬಟ್ಟೆ ತರಲು ಗಾಂಧಿ ಬಜಾರಿಗೆ ಹೋದರೆ ಬರುವುದು ಎರಡು ಗಂಟೆ ಆಗುತ್ತದೆ. ಬೀಗ ತೆಗೆಯುವಾಗ ಒಳಗಿನಿಂದ ಸದ್ದೇ ಇರುವುದಿಲ್ಲ. ದಿವಾನ್ ಮೇಲೆ, ಹೊಲಿಯಲು ಇಟ್ಟ ಬಟ್ಟೆಗಳ ಪಕ್ಕದಲ್ಲಿ ಕಾಲು ಚಾಚಿ ಮಲಗಿರುತ್ತಾಳೆ. ಒಂದು ಕಣ್ಣು ಬಿಟ್ಟು ನೋಡುತ್ತಾಳೆ, ಬಾಲ ಎರಡು ಸಲ ಟಪ್ ಟಪ್ ಅಂತ ಬಡಿಯುತ್ತಾಳೆ, ಮತ್ತೆ ಕಣ್ಣು ಮುಚ್ಚುತ್ತಾಳೆ. ಚೀಲ ಕೆಳಗಿಟ್ಟು ನಾನು ಮೆಷಿನ್ ಮುಂದೆ ಕೂರುತ್ತೇನೆ.